ಚಳಿಗಾಲದಲ್ಲಿ ಮನಸ್ಸು ಕುಗ್ಗಿದಾಗ ಅಡ್ವೆಂಟ್ ಧ್ಯಾನದಿಂದ ಉಪಯೋಗ ಆಗುತ್ತಾ?

ಡಿಸೆಂಬರ್ ಬಂದರೆ ಎಲ್ಲರೂ ಖುಷಿಯಲ್ಲಿರುತ್ತಾರೆ, ನನಗೆ ಮಾತ್ರ ಮಂಕು ಕವಿಯುತ್ತದೆ, ಧ್ಯಾನದ ಪುಸ್ತಕ ಓದಿದರೂ ತಲೆಗೆ ಹತ್ತುವುದಿಲ್ಲ ಅಂದಿದ್ದೀರಿ. ಅಪ್ಪ ತೀರಿಕೊಂಡ ವರ್ಷ ನನ್ನದೂ ಇದೇ ಪಾಡು. ಕ್ರಿಸ್ಮಸ್ ಹಾಡು ಕಿವಿಗೆ ಬಿದ್ದರೆ ಸಾಕು, ಎದ್ದು ಹೋಗುತ್ತಿದ್ದೆ.

ಆಮೇಲೆ ಒಂದು ವಿಷಯ ತಿಳಿಯಿತು. ಅಡ್ವೆಂಟ್ ಅಂದರೆ ಕ್ರಿಸ್ಮಸ್ ಅಲ್ಲ, ಅದಕ್ಕೂ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲ. ಕಥೋಲಿಕ ಚರ್ಚುಗಳಲ್ಲಿ ಈ ಭಾನುವಾರಗಳಂದು ಪಾದ್ರಿಗಳ ಪೂಜಾವಸ್ತ್ರ ಹೆಚ್ಚಾಗಿ ಪಶ್ಚಾತ್ತಾಪ ಸೂಚಿಸುವ ನೇರಳೆ ಬಣ್ಣದ್ದು, ಪೂಜೆಯಲ್ಲಿ ಗ್ಲೋರಿಯಾ ಎಂಬ ಸಂಭ್ರಮದ ಸ್ತುತಿಗೀತೆ ಹಾಡುವುದಿಲ್ಲ. ಚರ್ಚೇ ಇನ್ನೂ ಹಬ್ಬ ಶುರು ಮಾಡಿಲ್ಲ, ನಾನ್ಯಾಕೆ ನಗುಮುಖ ಹೊತ್ತು ಓಡಾಡಬೇಕು, ಅಲ್ವಾ?

ಹಾಗಾಗಿ ದಪ್ಪ ಪುಸ್ತಕ ಪಕ್ಕಕ್ಕಿಡಿ. ನಾನು ಮಾಡುವುದು ಇಷ್ಟೇ: ಸಂಜೆ ಲೈಟ್ ಆರಿಸಿ, ಅಡ್ವೆಂಟಿನ ನಾಲ್ಕು ಮೇಣದಬತ್ತಿಗಳಲ್ಲಿ ಮೊದಲ ವಾರ ಒಂದು, ಎರಡನೇ ವಾರ ಎರಡು, ಹೀಗೆ ಹಚ್ಚಿ, ಬೈಬಲಿನ 130ನೇ ಕೀರ್ತನೆ ಓದುತ್ತೇನೆ. ಎಂಟೇ ವಚನ. ಕಾವಲುಗಾರ ಬೆಳಗನ್ನು ಎದುರುನೋಡುವ ಮಾತು ಅದರಲ್ಲಿ ಎರಡೆರಡು ಸಲ ಬರುತ್ತದೆ. ಪಾಪ, ಬೆಳಗು ಮಾಡುವುದು ಅವನ ಕೈಯಲ್ಲಿಲ್ಲ. ಸುಮ್ನೆ ಎಚ್ಚರವಾಗಿರುವುದಷ್ಟೇ ಅವನ ಕೆಲಸ. ಕೆಲವು ದಿನ ನನಗೆ ಅಷ್ಟು ಮಾತ್ರ ಸಾಧ್ಯವಾಗುತ್ತಿತ್ತು.

ಬತ್ತಿ ಹಚ್ಚುವ ಪದ್ಧತಿಯ ಹಿಂದಿನ ಕಥೆ ನನಗೆ ತುಂಬಾ ಇಷ್ಟ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬಡ ಮಕ್ಕಳ ಆಶ್ರಯಧಾಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖೆರ್ನ್, ಮರದ ಚಕ್ರದ ಮೇಲೆ ಬತ್ತಿಗಳನ್ನು ನಿಲ್ಲಿಸಿದರು. ವಾರದ ದಿನಗಳಿಗೆ ಚಿಕ್ಕವು, ಭಾನುವಾರಗಳಿಗೆ ನಾಲ್ಕು ದೊಡ್ಡವು. ದಿನಕ್ಕೊಂದು ಹಚ್ಚಿದರೆ ಕ್ರಿಸ್ಮಸ್ ಎಷ್ಟು ಹತ್ತಿರ ಬಂತು ಅಂತ ಮಕ್ಕಳಿಗೆ ಕಾಣುತ್ತಿತ್ತು. ಈಗ ನಾಲ್ಕೇ ಉಳಿದಿವೆ. ಎಷ್ಟೋ ಕಡೆ ಮೂರನೆಯದು ಗುಲಾಬಿ ಬಣ್ಣದ್ದು.

ನಾಲ್ಕನೇ ವಾರ ಆ ಬತ್ತಿಗಳನ್ನು ಹತ್ತಿರದಿಂದ ನೋಡಿ. ಮೊದಲನೆಯದು ಮೋಟಾಗಿರುತ್ತದೆ, ಬುಡದಲ್ಲಿ ಮೇಣ ಸುರಿದು ಗಟ್ಟಿಯಾಗಿರುತ್ತದೆ. ಕೊನೆಯದು ಉದ್ದಕ್ಕೆ ಹೊಸದಾಗಿ ನಿಂತಿರುತ್ತದೆ. ಜಾಸ್ತಿ ಕತ್ತಲಿದ್ದ ವಾರ ಒಂಟಿಯಾಗಿ ಉರಿದದ್ದು ಆ ಮೋಟು ಬತ್ತಿಯೇ. ನನಗೆ ಅದರ ಮೇಲೇ ಪ್ರೀತಿ.

ಒಂದು ಮಾತು: ನಿದ್ದೆ, ಊಟ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ ಡಾಕ್ಟರನ್ನು ನೋಡಿ. ಪ್ರಾರ್ಥನೆ ಮಾಡುವವರು ಔಷಧಿ ತೆಗೆದುಕೊಳ್ಳಬಾರದು ಅಂತೇನಿಲ್ಲ.

ನವೆಂಬರ್ 30ಕ್ಕೆ ಹತ್ತಿರವಿರುವ ಭಾನುವಾರ ಶುರು ಮಾಡಿ. ತಪ್ಪಿಹೋದರೂ ಚಿಂತೆಯಿಲ್ಲ. ಹೋದ ವರ್ಷ ನಾನು ಮೊದಲ ಎರಡು ವಾರ ಹಾಸಿಗೆ ಬಿಟ್ಟೇಳಲಿಲ್ಲ. ಮೂರನೇ ಭಾನುವಾರ ಮೂರನ್ನೂ ಒಟ್ಟಿಗೆ ಹಚ್ಚಿದೆ.