ಪ್ರತಿಕ್ರಿಯೆ: ಎಲ್ಲ ಪೇಪರ್‌ನಲ್ಲೂ ಗೈಡ್ ಹೆಸರಿದ್ದರೆ ಅರ್ಜಿ ಹಾಕಬಹುದಾ?

ಪಿಎಚ್‌ಡಿ ಮುಗಿದು ನಾಲ್ಕು ವರ್ಷ ಆಯ್ತು, ಎಲ್ಲ ಪೇಪರ್‌ಗಳಲ್ಲೂ ಗೈಡ್ ಹೆಸರಿದೆ, ಸ್ವಂತ ಸಂಶೋಧನೆ ನಡೆಸಲು ಸಿಗುವ ಸ್ವತಂತ್ರ ಫೆಲೋಶಿಪ್‌ಗೆ ಈಗಲೇ ಅರ್ಜಿ ಹಾಕಲಾ ಅಂತ ಕೇಳಿದ್ದೀರಿ. ಹಾಕಿ. ಸುಮ್ನೆ ಕಾಯುತ್ತಾ ಕೂತರೆ ಗಡುವೇ ದಾಟಿಹೋಗಬಹುದು. ಬಹಳಷ್ಟು ಯೋಜನೆಗಳು ಪಿಎಚ್‌ಡಿ ಆದಾಗಿನಿಂದ ವರ್ಷ ಲೆಕ್ಕ ಹಾಕುತ್ತವೆ. (ಹೆರಿಗೆ ರಜೆಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ.)

ಪೋಸ್ಟ್‌ಡಾಕ್‌ಗೂ (ಪಿಎಚ್‌ಡಿ ನಂತರ ಬೇರೊಬ್ಬರ ಲ್ಯಾಬ್‌ನಲ್ಲಿ ಮಾಡುವ ಸಂಶೋಧನೆ) ಸ್ವತಂತ್ರ ಫೆಲೋಶಿಪ್‌ಗೂ ಇರುವ ವ್ಯತ್ಯಾಸ ಬರೀ ದುಡ್ಡಿನದಲ್ಲ. ಉದಾಹರಣೆಗೆ, ಯುರೋಪಿನ ಇಆರ್‌ಸಿ (ಯುರೋಪಿಯನ್ ರಿಸರ್ಚ್ ಕೌನ್ಸಿಲ್) ಸ್ಟಾರ್ಟಿಂಗ್ ಗ್ರಾಂಟ್ 5 ವರ್ಷಕ್ಕೆ 15 ಲಕ್ಷ ಯೂರೋವರೆಗೆ ಕೊಡುತ್ತದೆ. ಆದರೆ ತಂಡ ಕಟ್ಟುವುದು, ಉಪಕರಣ ಕೊಳ್ಳುವುದು, ದಾರಿ ತಪ್ಪಿದರೆ ಸರಿಮಾಡುವುದು ಎಲ್ಲಾ ನಿಮ್ಮ ತಲೆ ಮೇಲೆ. ಹಾಗಾಗಿ ಆಯ್ಕೆ ಸಮಿತಿಯವರು ಮುಖ್ಯವಾಗಿ ನೋಡುವುದು, ಈ ಐಡಿಯಾ ನಿಮ್ಮದಾ, ಗೈಡ್‌ದಾ ಅಂತ.

ಅದಕ್ಕೆ ಅರ್ಜಿಯಲ್ಲೇ ಉತ್ತರ ಕೊಡಿ. "ಗೈಡ್ ಲ್ಯಾಬ್ ಈ ಪ್ರೋಟೀನಿನ ರಚನೆ ನೋಡುತ್ತದೆ, ಅದು ಜೀವಕೋಶದೊಳಗೆ ಯಾವಾಗ ಕೆಡುತ್ತದೆ ಅಂತ ನಾನು ನೋಡುತ್ತೇನೆ" ಅನ್ನುವಷ್ಟು ನೇರವಾಗಿ. ಮುಖ್ಯ ಪೇಪರ್‌ಗಳಲ್ಲಿ ನಿಮ್ಮ ಪಾಲು ಏನು ಅಂತ ಒಂದೊಂದು ಸಾಲು ಸೇರಿಸಿ.

ಗೈಡ್ ಹತ್ತಿರವೂ ಮಾತಾಡಿ: ಯಾವ ವಿಷಯ, ಯಾವ ಡೇಟಾ ನೀವು ತೆಗೆದುಕೊಂಡು ಹೋಗಬಹುದು? ಮುಜುಗರ ಆಗುತ್ತೆ, ಗೊತ್ತು. ಆದರೆ ಶಿಫಾರಸು ಪತ್ರ ಕೇಳುವ ಕಡೆ, "ಈ ಕೆಲಸ ಇವರದೇ, ನಾನು ಮುಂದುವರಿಸಲ್ಲ" ಅಂತ ಅವರೇ ಬರೆದುಕೊಟ್ಟರೆ ನೀವು ಬರೆದ ಹತ್ತು ಸಾಲಿಗಿಂತ ಅದಕ್ಕೇ ತೂಕ ಜಾಸ್ತಿ.