ಮೀನಖಂಡ ಅದುರ್ತಿದೆ, ರಿಪೋರ್ಟ್ ನಾರ್ಮಲ್ ಇದೆ, ಆದ್ರೂ ಎಎಲ್‌ಎಸ್ ಭಯ ಹೋಗ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಮಾಂಸ ಅದುರ್ತಿದೆ, ಇದು ಎಎಲ್‌ಎಸ್ ಇರಬಹುದಾ ಅಂತ. ಎಎಲ್‌ಎಸ್ ಅಂದ್ರೆ ಮಾಂಸಖಂಡಗಳನ್ನ ನಡೆಸೋ ನರಕೋಶಗಳು ಸಾಯ್ತಾ ಹೋಗೋ ಕಾಯಿಲೆ, ಎಂಎನ್‌ಡಿ ಅಂತಲೂ ಅಂತಾರೆ. ಹಿಂದೇನೂ ಬರೆದಿದೀನಿ, ಆದ್ರೂ ನಿಲ್ತಿಲ್ಲ, ಅದಕ್ಕೇ ಈ ಸಲ ಹೆಚ್ಚಿನ ಜಾಗ ಇದಕ್ಕೇ ಕೊಡ್ತೀನಿ, ಉಳಿದವ್ರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಡಾಕ್ಟ್ರೇ, ನನಗೆ 31 ವರ್ಷ, ಸಾಫ್ಟ್‌ವೇರ್ ಕೆಲಸ. ಏಳು ತಿಂಗಳಿಂದ ಎರಡೂ ಮೀನಖಂಡ ಅದುರುತ್ತೆ, ಒಮ್ಮೊಮ್ಮೆ ತೋಳು, ಕಣ್ಣುರೆಪ್ಪೆ ಕೂಡ. ಇಬ್ರು ನ್ಯೂರಾಲಜಿಸ್ಟ್ ನೋಡಿದಾರೆ, ಇಎಂಜಿ (ಮಾಂಸಕ್ಕೆ ಸೂಜಿ ಚುಚ್ಚಿ ಮಾಡೋ ಟೆಸ್ಟ್), ಎನ್‌ಸಿವಿ (ನರದ ವೇಗ ನೋಡೋ ಟೆಸ್ಟ್), ಬೆನ್ನಿನ ಎಂಆರ್‌ಐ ಎಲ್ಲಾ ನಾರ್ಮಲ್. ಆದ್ರೆ ಇಎಂಜಿ ಬೇಗ ಮಾಡಿದ್ರೆ ರೋಗ ತಪ್ಪಿಸ್ಕೊಳ್ಳುತ್ತೆ ಅಂತ ಓದಿದೆ. ನಮ್ಮ ಬೀದಿಯವ್ರೊಬ್ರು ಎಂಎನ್‌ಡಿಯಿಂದಲೇ ತೀರ್ಕೊಂಡ್ರು. ದಿನಾ ರಾತ್ರಿ ತುದಿಗಾಲಲ್ಲಿ ನಡೆದು ಚೆಕ್ ಮಾಡ್ಕೋತೀನಿ, ಟೇಪಲ್ಲಿ ಕಾಲು ಅಳೀತೀನಿ, ನಾಲಿಗೆ ವಿಡಿಯೋ ತೆಗೀತೀನಿ. ಇನ್ನೊಂದ್ಸಲ ಇಎಂಜಿ ಮಾಡಿಸ್ಲಾ?

ಉತ್ತರ: ಬೇಡ.

ಕಾರಣ ಹೇಳ್ತೀನಿ, ಯಾಕಂದ್ರೆ ಬರೀ ಬೇಡ ಅಂದ್ರೆ ನೀವು ನಾಳೆ ಬೇರೆ ಲ್ಯಾಬ್‌ಗೆ ಹೋಗಿ ಮಾಡಿಸ್ಕೊಂಡು ಬರ್ತೀರ, ನನಗೆ ಗೊತ್ತು.

ಮೊದಲು ಅದುರೋದರ ಬಗ್ಗೆ. ಆರೋಗ್ಯವಾಗಿರೋ ಬಹುತೇಕರಿಗೆ ಯಾವಾಗಲೋ ಒಮ್ಮೆ ಮಾಂಸ ಅದುರುತ್ತೆ, ಅದರಲ್ಲೂ ಮೀನಖಂಡ ಮತ್ತೆ ಕಣ್ಣುರೆಪ್ಪೆ. ನಿದ್ದೆಗೆಟ್ರೆ, ಕಾಫಿ ಜಾಸ್ತಿಯಾದ್ರೆ, ಜಿಮ್‌ನಲ್ಲಿ ದಣಿದ್ರೆ, ಭಯಬಿದ್ರೆ ಇನ್ನೂ ಜಾಸ್ತಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು 1993ರಲ್ಲಿ ಒಂದು ವರದಿ ಕೊಟ್ರು: ನಿಮ್ಮ ಥರಾನೇ ಬರೀ ಅದುರಾಟ ಇದ್ದು ಪರೀಕ್ಷೆಲಿ ಬೇರೇನೂ ಸಿಗದ 121 ಜನರನ್ನ, ಕೆಲವರನ್ನ 2 ವರ್ಷ, ಕೆಲವರನ್ನ 32 ವರ್ಷದವರೆಗೂ ಗಮನಿಸಿದ್ರು, ಒಬ್ಬರಿಗೂ ಎಎಲ್‌ಎಸ್ ಬರ್ಲಿಲ್ಲ. ಇದನ್ನ ನೀವು ಗೂಗಲ್‌ನಲ್ಲಿ ಓದಿರ್ತೀರ, ಆದ್ರೆ ಮನಸ್ಸಿಗೆ ಹಿಡಿದಿರೋದು ಇದಲ್ಲ, ಎಲ್ಲೋ ಯಾರಿಗೋ ಅದುರಾಟದಿಂದಲೇ ಶುರುವಾಯ್ತು ಅನ್ನೋ ಒಂದು ಕಥೆ.

ಎಎಲ್‌ಎಸ್ ಸಾಮಾನ್ಯವಾಗಿ ಶುರುವಾಗೋದು ಶಕ್ತಿ ಹೋಗೋದ್ರಿಂದ, ಅದೂ ನೋವಿಲ್ಲದೆ. ಶಕ್ತಿ ಹೋಗೋದು ಅಂದ್ರೆ ಕಾಲು ಭಾರ ಅನ್ನಿಸೋದಲ್ಲ. ಹವಾಯಿ ಚಪ್ಪಲಿ ಕಾಲಿಂದ ಜಾರ್ತಾ ಇರೋದು ಗೊತ್ತಾಗುತ್ತೆ, ಬೆರಳಲ್ಲಿ ಹಿಡ್ಕೊಳ್ಳೋಕೆ ಆಗಲ್ಲ. ಶರ್ಟಿನ ಗುಂಡಿ ಹಾಕೋಕೆ, ಬೀಗದ ಕೈ ತಿರುಗಿಸೋಕೆ, ಅನ್ನ ಕಲಸೋಕೆ ಬೆರಳು ಕೇಳಲ್ಲ. ಇಲ್ಲಾಂದ್ರೆ ಮಾತು ತೊದಲೋದು, ಅದೂ ಮನೆಯವರಿಗೇ ಮೊದಲು ಗೊತ್ತಾಗುತ್ತೆ. ಇಂಥ ರೋಗಿ ನನ್ನ ಮುಂದೆ ಕೂತಾಗ ಎಷ್ಟೋ ಸಲ ಅದುರಾಟದ ಮಾತೇ ಎತ್ತಲ್ಲ, ಬಟ್ಟೆ ಸರಿಸಿ ತೋಳು ನೋಡಿದಾಗ ನನಗೇ ಕಾಣುತ್ತೆ. ನೀವು ಏಳು ತಿಂಗಳಿಂದ ಅದುರಾಟ ಬಿಟ್ಟು ಬೇರೇನೂ ಹೇಳ್ತಿಲ್ಲ, ದಿನಾ ರಾತ್ರಿ ತುದಿಗಾಲಲ್ಲಿ ನಡೀತೀರ, ಅಂದ್ರೆ ನಡೆಯೋಕೆ ಆಗ್ತಿದೆ ತಾನೇ?

ಇನ್ನು ಇಎಂಜಿ. ಸೂಜಿ ಚುಚ್ಚಿ ಬರೀ ಗ್ರಾಫ್ ನೋಡಲ್ಲ, ಸ್ಪೀಕರಲ್ಲಿ ಕಿವಿಗೊಟ್ಟು ಕೇಳ್ತೀವಿ. ಆರೋಗ್ಯವಾಗಿರೋ ಮಾಂಸ ಸಡಿಲ ಬಿಟ್ಟಾಗ ಸದ್ದೇ ಇರಲ್ಲ. ನರದ ಸಂಪರ್ಕ ಕಡಿದು ಹೋಗ್ತಿರೋ ಮಾಂಸದಲ್ಲಿ ತಗಡಿನ ಮೇಲೆ ಮಳೆಹನಿ ಬಿದ್ದ ಹಾಗೆ ಟಪ ಟಪ ಸದ್ದು ಬರುತ್ತೆ. ಬೇಗ ಮಾಡಿದ್ರೆ ತಪ್ಪಿಸ್ಕೊಳ್ಳುತ್ತೆ ಅನ್ನೋದು ವಾರಗಳ ಲೆಕ್ಕದ ಮಾತು. ಅದುರಾಟ ಶುರುವಾಗಿ ತಿಂಗಳುಗಳಾಗಿದ್ದು, ಇಬ್ಬರು ಕೈಯಾರೆ ಪರೀಕ್ಷೆ ಮಾಡಿ, ಸುತ್ತಿಗೆಲಿ ರಿಫ್ಲೆಕ್ಸ್ ನೋಡಿ, ಏನೂ ಇಲ್ಲ ಅಂದ ಮೇಲೆ ಆ ಮಾತು ನಿಮಗೆ ಅನ್ವಯಿಸಲ್ಲ. ಸುಮ್ನೆ ‘ಮೂರು ತಿಂಗಳು ಬಿಟ್ಟು ರಿಪೀಟ್ ಇಎಂಜಿ’ ಅಂತ ಚೀಟಿ ಬರೆದು ಕಳಿಸೋ ಡಾಕ್ಟರುಗಳ ಮೇಲೂ ನನಗೆ ಸಿಟ್ಟಿದೆ. ಆ ಒಂದು ಸಾಲಿನಿಂದ ರೋಗಿಯ ಮೂರು ತಿಂಗಳ ನಿದ್ದೆ ಹೋಗುತ್ತೆ.

ನಾಲಿಗೆ ವಿಡಿಯೋ ದಯವಿಟ್ಟು ನಿಲ್ಲಿಸಿ. ಹೊರಗೆ ಚಾಚಿದ ನಾಲಿಗೆ ಯಾರದ್ದಾದ್ರೂ ನಡುಗುತ್ತೆ, ನಂದೂ ನಡುಗುತ್ತೆ. ನಾವು ನೋಡೋದು ಬಾಯೊಳಗೆ ಸುಮ್ನೆ ಮಲಗಿರೋ ನಾಲಿಗೆನ. ಟೇಪಲ್ಲಿ ಕಾಲು ಅಳೆಯೋದೂ ಬೇಡ, ಎರಡೂ ಕಾಲು ಒಂದೇ ಅಳತೆ ಇರೋ ಮನುಷ್ಯ ಅಪರೂಪ. ಹತ್ತು ನಿಮಿಷ ತುದಿಗಾಲಲ್ಲಿ ನಡೆದ್ರೆ ಮೀನಖಂಡ ಸೋಲುತ್ತೆ, ಸೋತ ಮಾಂಸ ಇನ್ನೂ ಅದುರುತ್ತೆ, ಅದನ್ನ ನೋಡಿ ನೀವು ಇನ್ನೂ ಚೆಕ್ ಮಾಡ್ತೀರ.

ನಿಮಗೆ ಕಾಯಿಲೆ ಇಲ್ಲ ಅಂತ ನಾನು ಹೇಳ್ತಿಲ್ಲ. ಅದುರಾಟ ನಿಜ, ಭಯಾನೂ ನಿಜ, ಏಳು ತಿಂಗಳು ಕಳ್ಕೊಂಡಿದ್ದೂ ನಿಜ. ‘ಎಲ್ಲಾ ನಿಮ್ಮ ಮನಸ್ಸಲ್ಲಿದೆ ಹೋಗ್ರೀ’ ಅಂತ ಕಳಿಸೋದು ಚಿಕಿತ್ಸೆ ಅಲ್ಲ, ಅವಮಾನ. ಇದಕ್ಕೆ ಹೆಲ್ತ್ ಆಂಗ್ಸೈಟಿ, ಅಂದ್ರೆ ಕಾಯಿಲೆ ಬಂದಿದೆ ಅನ್ನೋ ಬಿಡದ ಭಯ, ಅಂತಾರೆ, ಇದಕ್ಕೆ ಟ್ರೀಟ್‌ಮೆಂಟ್ ಇದೆ, ಆದ್ರೆ ಅದು ನನ್ನ ಸೂಜಿಲಿ ಇಲ್ಲ. ಪ್ರತಿ ನಾರ್ಮಲ್ ರಿಪೋರ್ಟ್ ನಿಮಗೆ ಎರಡು ದಿನ ನೆಮ್ಮದಿ ಕೊಡುತ್ತೆ, ಮೂರನೇ ದಿನ ‘ಆದ್ರೆ’ ಅಂತ ಶುರುವಾಗುತ್ತೆ, ಇನ್ನೊಂದು ಟೆಸ್ಟ್ ಆ ‘ಆದ್ರೆ’ನ ಬೆಳೆಸುತ್ತೆ ಅಷ್ಟೇ. ನೂರಕ್ಕೆ ನೂರು ಗ್ಯಾರಂಟಿ ನಾನು ಕೊಡಲ್ಲ, ಯಾವ ಡಾಕ್ಟರೂ ಯಾವ ಕಾಯಿಲೆ ಬಗ್ಗೆಯೂ ಕೊಡೋಕಾಗಲ್ಲ. ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಇಬ್ಬರಿಗೆ ಬರೋ ರೋಗ ಇದು, ನಿಮ್ಮ ಪರೀಕ್ಷೆ ಕ್ಲೀನ್ ಇದೆ, ಇಷ್ಟರ ಮೇಲೆ ಉಳಿಯೋ ಆ ಚೂರು ಅನುಮಾನನ ಇಟ್ಕೊಂಡೇ ಬದುಕೋದನ್ನ ಕಲಿಯೋದೇ ಇದರ ಚಿಕಿತ್ಸೆ.

ಅದನ್ನ ಕಲಿಸೋದು ಸಿಬಿಟಿ, ಅಂದ್ರೆ ಮಾತಿನ ಮೂಲಕ ಯೋಚನೆ, ಅಭ್ಯಾಸ ಬದಲಿಸೋ ಚಿಕಿತ್ಸೆ, ಅದು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ. ಜಾಸ್ತಿ ಇದ್ರೆ ಸೈಕಿಯಾಟ್ರಿಸ್ಟ್ ಎಸ್‌ಎಸ್‌ಆರ್‌ಐ ಅನ್ನೋ, ಆತಂಕ ಕಮ್ಮಿ ಮಾಡೋ ಮಾತ್ರೆ ಕೊಡ್ತಾರೆ, ಕೆಲಸ ಮಾಡೋಕೆ ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಜಾಸ್ತಿ ಆಗಬಹುದು, ಹಾಗಂತ ನೀವೇ ನಿಲ್ಲಿಸ್ಬೇಡಿ, ಅವರಿಗೆ ಫೋನ್ ಮಾಡಿ. ಎಲ್ಲಿ ಶುರು ಮಾಡೋದು ಗೊತ್ತಿಲ್ದಿದ್ರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಫ್ರೀ, ಕನ್ನಡದಲ್ಲೂ ಮಾತಾಡ್ತಾರೆ. ಮನೆಯವ್ರಿಗೂ ಒಂದು ಮಾತು: ದಿನಕ್ಕೆ ಹತ್ತು ಸಲ ‘ಏನೂ ಇಲ್ಲ ಕಣ್ರೀ’ ಅಂತ ಸಮಾಧಾನ ಹೇಳ್ಬೇಡಿ, ಒಂದ್ಸಲ ಹೇಳಿ, ಆಮೇಲೆ ಬೇರೆ ಮಾತಾಡಿ.

ಮತ್ತೆ ಬನ್ನಿ ಅಂತ ನಾನು ಹೇಳೋದು ಮೇಲೆ ಬರೆದೆನಲ್ಲ, ಆ ಚಪ್ಪಲಿ, ಗುಂಡಿ, ಬೀಗದ ಕೈ, ಮಾತು, ಅಂಥದ್ದು ಬಂದು ದಿನದಿಂದ ದಿನಕ್ಕೆ ಜಾಸ್ತಿ ಆದ್ರೆ ಮಾತ್ರ.

ಪ್ರಶ್ನೆ: ನರದೌರ್ಬಲ್ಯಕ್ಕೆ ಅಂತ ಒಬ್ರು ಪುಡಿ ಕೊಟ್ಟಿದಾರೆ, ಜೊತೆಗೆ ಮೆಡಿಕಲ್ ಶಾಪಿಂದ ನರದ ವಿಟಮಿನ್ ತಗೋತಿದೀನಿ, ಪರವಾಗಿಲ್ವಾ?

ಉತ್ತರ: ಹೆಸರಿಲ್ಲದ ಪುಡಿ ಇವತ್ತೇ ನಿಲ್ಲಿಸಿ. ಅಂಥವುಗಳಲ್ಲಿ ಸೀಸ, ಪಾಷಾಣ ಇರಬಹುದು, ಸೀಸ ಸೇರಿದ್ರೆ ಮುಂಗೈಯೇ ಜೋತುಬೀಳುತ್ತೆ, ಇಲ್ಲದ ನರದ ಕಾಯಿಲೆನ ದುಡ್ಡು ಕೊಟ್ಟು ತಗೊಂಡ ಹಾಗಾಗುತ್ತೆ. ವಿಟಮಿನ್ನೂ ಅಷ್ಟೇ, ಬಿ6 ಜಾಸ್ತಿ ಡೋಸ್‌ನಲ್ಲಿ ತಿಂಗಳುಗಟ್ಟಲೆ ತಗೊಂಡ್ರೆ ನರ ಹಾಳಾಗುತ್ತೆ. ಬಿ12 ಟೆಸ್ಟ್ ಮಾಡಿಸಿ, ಕಮ್ಮಿ ಇದ್ರೆ ಡಾಕ್ಟರ್ ಬರೆದಷ್ಟು ತಗೊಳ್ಳಿ.

ಪ್ರಶ್ನೆ: ಎಡಗಣ್ಣು ಅದುರಿದ್ರೆ ಗಂಡಸ್ರಿಗೆ ಅಪಶಕುನ ಅಂತಾರೆ, ನ್ಯೂರಾಲಜಿ ಏನು ಹೇಳುತ್ತೆ?

ಉತ್ತರ: ಮಲಗಿ ನಿದ್ದೆ ಮಾಡಿ ಅಂತ ಹೇಳುತ್ತೆ.

ಪ್ರಶ್ನೆ: ತಲೆನೋವಿಗೆ ಬ್ರೇನ್ ಎಂಆರ್‌ಐ ಮಾಡಿಸ್ದೆ, ನಾರ್ಮಲ್. ವರ್ಷಕ್ಕೊಂದ್ಸಲ ಮಾಡಿಸ್ಲಾ?

ಉತ್ತರ: ಬೇಡ. ತಲೆನೋವಿಗೆ ಚಿಕಿತ್ಸೆ ತಗೊಳ್ಳಿ.

ಪ್ರಶ್ನೆ: ನಮ್ಮ ತಂದೆಗೆ ಎಂಎನ್‌ಡಿ ಅಂತ ಖಚಿತ ಆಗಿದೆ. ಸ್ಟೆಮ್ ಸೆಲ್ ಹಾಕಿದ್ರೆ ವಾಸಿ ಆಗುತ್ತೆ ಅಂತ ಒಬ್ರು ಲಕ್ಷಗಟ್ಟಲೆ ಕೇಳ್ತಿದಾರೆ. ಕೊಡೋದಾ?

ಉತ್ತರ: ಒಂದು ರೂಪಾಯೂ ಕೊಡ್ಬೇಡಿ, ಸೈಟು ಒಡವೆ ಮಾರೋ ಯೋಚನೆ ಇದ್ರೆ ಬಿಡಿ. ಎಂಎನ್‌ಡಿಯನ್ನ ಸ್ಟೆಮ್ ಸೆಲ್ ವಾಸಿ ಮಾಡುತ್ತೆ ಅನ್ನೋಕೆ ಆಧಾರ ಇಲ್ಲ. ರೈಲುಜೋಲ್ ಮಾತ್ರೆ ಇದೆ, ಅದು ಸ್ವಲ್ಪ ಸಮಯ ಕೊಡುತ್ತೆ. ಉಸಿರಾಟದ ಶಕ್ತಿ ಆಗಾಗ ಅಳತೆ ಮಾಡಿಸಿ, ಮಲಗಿದಾಗ ಉಸಿರು ಕಟ್ಟುತ್ತಾ, ಬೆಳಿಗ್ಗೆ ತಲೆನೋವು ಬರುತ್ತಾ ಅಂತ ತಂದೆಯವರನ್ನ ಕೇಳಿ, ಹೌದು ಅಂದ್ರೆ ರಾತ್ರಿ ಹಾಕೋ ಬೈಪ್ಯಾಪ್ ಮೆಷಿನ್ ಬೇಕಾಗಬಹುದು, ಆ ದುಡ್ಡು ಅದಕ್ಕೆ ಇಟ್ಕೊಳ್ಳಿ. ನೀರು ಕುಡಿಯುವಾಗ ಕೆಮ್ಮು ಬರ್ತಿದ್ರೆ ತಡ ಮಾಡದೆ ನುಂಗೋದನ್ನೂ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆ ನೋಡಿ ಪಳಗಿದವ್ರಿದಾರೆ, ಹಳೇ ರಿಪೋರ್ಟ್ ಎಲ್ಲಾ ತಗೊಂಡು ಅಲ್ಲಿಗೆ ಒಮ್ಮೆ ಕರ್ಕೊಂಡು ಹೋಗಿ.