ಹಂಚು ತೆಗೆಸಿ ಸ್ಲ್ಯಾಬ್ ಹಾಕಿಸಲೇ? ಅಂಕೋಲೆಯ ಅಕ್ಕೋರಿಗೆ ಸಂಪಾದಕರ ಉತ್ತರ

ಅಂಕೋಲಾ ತಾಲೂಕಿನ ನಿವೃತ್ತ ಶಿಕ್ಷಕಿಯೊಬ್ಬರು ದೊಡ್ಡ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಸಮುದ್ರದಿಂದ ಸ್ವಲ್ಪ ಒಳಗೆ ಅವರ ಹಳೇ ಮನೆ. ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಹಂಚು, ಗೋಡೆ, ಬೇಲಿ, ಬಾವಿ ಅಂತ ಪ್ರತಿ ವರ್ಷ ಪಿಂಚಣಿಯ ದೊಡ್ಡ ಪಾಲು ಖರ್ಚಾಗುತ್ತದೆ. ಹಂಚಿನ ಕೆಲಸದವರು ಹೇಳಿದ ದಿನ ಬರುವುದಿಲ್ಲ. ಹಿತ್ತಲಲ್ಲಿ ಬೆಳೆದದ್ದು ಅರ್ಧ ಮಂಗನ ಪಾಲು, ಉಳಿದದ್ದು ಬಸವನಹುಳದ ಪಾಲು. ಹುಬ್ಬಳ್ಳಿಯಲ್ಲಿರುವ ಮಗ, "ಹಂಚು ತೆಗೆಸಿ ಸ್ಲ್ಯಾಬ್ ಹಾಕಿಸೋಣ, ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸೋಣ, ಆ ಇಶಾಡು ಮಾವಿನ ಮರ ಕಡಿಸೋಣ, ಆಮೇಲೆ ನೀನು ಆರಾಮಾಗಿರು" ಎನ್ನುತ್ತಾನಂತೆ. "ನೀವೇನಂತೀರಿ? ಇಷ್ಟೆಲ್ಲ ಒದ್ದಾಟದಲ್ಲಿ ಸುಖ ಎಲ್ಲಿದೆ?" ಎಂದು ಕೇಳಿದ್ದಾರೆ.

ಅಕ್ಕೋರೇ, ನಮಸ್ಕಾರ.

ನಿಮ್ಮ ಮಗನ ಮಾತಿನ ಹಿಂದೆ ಕಾಳಜಿ ಇದೆ. ಅಮ್ಮ ಮಳೆಗಾಲದ ರಾತ್ರಿ ಎದ್ದು ಸೋರುವ ಕಡೆಗೆಲ್ಲ ಪಾತ್ರೆ ಇಡುತ್ತಾ ಓಡಾಡುವುದು ಯಾವ ಮಗನಿಗೆ ಇಷ್ಟವಾಗುತ್ತದೆ? ಆದರೂ ಆ ಮೂರೂ ಕೆಲಸ ಮಾಡಿಸಬೇಡಿ ಅಂತಲೇ ನಾನು ಹೇಳುವುದು. ನಮ್ಮ ಜಿಲ್ಲೆಯ ಮಳೆಯಲ್ಲಿ ಮನೆ ರಿಪೇರಿ ಯಾರಿಗೂ ತಪ್ಪಿದ್ದಲ್ಲ. ಸ್ಲ್ಯಾಬ್ ಹಾಕಿದವರಿಗೂ ತಪ್ಪಿಲ್ಲ. ಒಂದು ಕೆಲಸ ಹೋದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಹಾಗಿರುವಾಗ ನಿಮಗೆ ಗೊತ್ತಿರುವ ಕೆಲಸ, ವರ್ಷಕ್ಕೆ ಇಷ್ಟಿಷ್ಟು ಅಂತ ಮಾಡಿ ಮುಗಿಸಬಹುದಾದ ಕೆಲಸವೇ ವಾಸಿ.

ಕಾರವಾರದಿಂದ ಭಟ್ಕಳದವರೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ನೋಡಿ. ಎಷ್ಟು ಸ್ಲ್ಯಾಬ್ ಮನೆಗಳ ತಲೆ ಮೇಲೆ ತಗಡಿನ ಶೀಟು ಹಾಕಿದ್ದಾರೆ! ಲಕ್ಷಗಟ್ಟಲೆ ಸುರಿದು ಸ್ಲ್ಯಾಬ್ ಹಾಕಿದರು. ಕೆಲವು ಮಳೆಗಾಲ ಕಳೆಯಿತು, ಅದು ಸೋರಿತು. ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಮತ್ತೊಂದು ಮಾಡು ಕಟ್ಟಿದರು. ಅಂದರೆ ಎರಡು ಮಾಡಿನ ಖರ್ಚು. ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಆ ಉಪ್ಪು ಕಾಂಕ್ರೀಟಿನ ಸಣ್ಣ ಬಿರುಕಿನಿಂದ ಒಳಗಿನ ಸರಳಿಗೆ ತಲುಪುತ್ತದೆ. ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿದ ಸರಳು ಕಾಂಕ್ರೀಟನ್ನು ಒಳಗಿನಿಂದ ಒಡೆಯುತ್ತದೆ. ಒಂದು ದಿನ ಚಾವಣಿಯ ತುಂಡು ಕೆಳಗೆ ಬೀಳುತ್ತದೆ. ಅಳಿವೆಯ ಉಪ್ಪು ಮರಳನ್ನು ಸರಿಯಾಗಿ ತೊಳೆಯದೆ ಕಟ್ಟಿದ ಮನೆಗಂತೂ ಈ ಕಾಟ ಇನ್ನೂ ಬೇಗ. ಅದನ್ನು ಸರಿಮಾಡಲು ಊರಿನ ಹಂಚಿನವ ಸಾಕಾಗುವುದಿಲ್ಲ. ಒಡೆದ ಹಂಚನ್ನಾದರೆ ಒಂದು ನಿಮಿಷದಲ್ಲಿ ಬದಲಿಸಬಹುದು.

ಸ್ಲ್ಯಾಬ್ ಬೇಡವೇ ಬೇಡ ಎನ್ನುತ್ತಿಲ್ಲ. ಬಚ್ಚಲಿಗೆ, ನೀರಿನ ಟಾಕಿ ಕೂರಿಸುವ ಜಾಗಕ್ಕೆ ಹಾಕಿಸಿಕೊಳ್ಳಿ. ಮನೆ ಪೂರ್ತಿ ಬೇಡ.

ಇನ್ನು ಹಂಚಿನ ವಿಷಯ. ಬಾಸೆಲ್ ಮಿಷನ್‌ನವರು 1860ರ ದಶಕದಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ಕರಾವಳಿ ತುಂಬ ಕಾರ್ಖಾನೆಗಳಾದವು. ನಿಮ್ಮ ಮಾಡಿನ ಒಂದು ಹಂಚು ಮಗುಚಿ ನೋಡಿ, ಹಿಂದೆ ಕಾರ್ಖಾನೆಯ ಹೆಸರು ಅಚ್ಚು ಹಾಕಿರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಕಚ್ಚಿಕೊಳ್ಳುವ ತೋಡು ಒಂದು ಕೂದಲೆಳೆ ಆಚೀಚೆ ಆದರೂ ಸಾಕು, ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಹೊಸ ಹಂಚು ಹಾಕಿದ ಮೇಲೂ ಸೋರುತ್ತದೆ ಎಂದು ಬರೆದಿದ್ದೀರಲ್ಲ, ಕಾರಣ ಇದೇ ಇರಬಹುದು. ಹತ್ತಿರದಲ್ಲಿ ಯಾರಾದರೂ ಹಳೇ ಮನೆ ಕೆಡವುತ್ತಿದ್ದರೆ ಅದೇ ಹೆಸರಿನ ಹಂಚು ಸಿಗುತ್ತದಾ ವಿಚಾರಿಸಿ. ಸಿಕ್ಕರೆ ತಂದು, ಮಲಗಿಸದೆ ನಿಲ್ಲಿಸಿ, ಗೋಡೆಯ ಪಕ್ಕ ಸಾಲಾಗಿ ಇಟ್ಟುಕೊಳ್ಳಿ.

ಹಂಚು ಕೈಯಾಡಿಸಲು ಜನ ಬರುವ ಮೊದಲು ನೀವು ಮಾಡಬೇಕಾದ ಒಂದು ಕೆಲಸ ಇದೆ. ಏಣಿ ಹತ್ತಿ ಮಾಡಿಗೆ ಹೋಗುವುದು ಬೇಡ. ನಿಮ್ಮ ಮನೆಯಲ್ಲಿ ಅಟ್ಟಕ್ಕೆ ಮೆಟ್ಟಿಲಿದೆ ಎಂದಿದ್ದೀರಿ. ಬಿಸಿಲು ಜೋರಾಗಿರುವ ಒಂದು ಮಧ್ಯಾಹ್ನ ಅಲ್ಲಿಗೆ ಹೋಗಿ, ಬಾಗಿಲು ಹಾಕಿ, ಕತ್ತಲೆಗೆ ಕಣ್ಣು ಹೊಂದುವ ತನಕ ಸುಮ್ನೆ ನಿಲ್ಲಿ. ಎಲ್ಲಿ ಹಂಚು ಜರುಗಿದೆಯೋ, ಸೀಳಿದೆಯೋ ಅಲ್ಲೆಲ್ಲ ಬೆಳಕಿನ ಚುಕ್ಕಿ ಕಾಣುತ್ತದೆ. ಅದರ ಕೆಳಗಿನ ಪಕಾಸಿಗೆ, ಅಂದರೆ ಹಂಚು ಹೊರುವ ಇಳಿಜಾರಿನ ಮರಕ್ಕೆ, ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯಿರಿ. ಸೋರಿದ ನೀರು ಪಕಾಸಿನ ಮೇಲೆ ಓಡಿಬಂದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ. ನೆಲದ ಮೇಲಿನ ಒದ್ದೆ ನೋಡಿ "ಇಲ್ಲಿ ಮೇಲೆ ನೋಡಿ" ಅಂದರೆ ಹಂಚಿನವರು ಅಲ್ಲಿಯ ನಾಲ್ಕು ಹಂಚು ತೆಗೆದಿಟ್ಟು ಹೋಗುತ್ತಾರೆ. ತೂತು ಮಾತ್ರ ಇದ್ದಲ್ಲೇ ಇರುತ್ತದೆ. ಗೀಟು ಎಳೆದಿಟ್ಟರೆ ಅವರ ಕೆಲಸವೂ ಬೇಗ ಮುಗಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಹಾಗೆಯೇ ಒರಲೆಯನ್ನೂ ನೋಡಿಬಿಡಿ. ಗೋಡೆಯ ಮೇಲೆ ಮಣ್ಣಿನ ಗೆರೆ ಹತ್ತಿದ್ದರೆ ಕೆರೆದು ತೆಗೆಯಿರಿ, ಎಲ್ಲಿಂದ ಹೊರಟಿದೆ ಎಂದು ಹುಡುಕಿ. ಗೋಡೆಗೆ ತಾಗಿಸಿ ಕಟ್ಟಿಗೆ ಪೇರಿಸಿದ್ದರೆ ಮೊದಲು ಅದನ್ನು ದೂರ ಸಾಗಿಸಿ. ರೀಪು, ಪಕಾಸು ಒಣಗಿರುವ ಈ ದಿನಗಳಲ್ಲೇ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸಿ. ಅದು ಕೈಗೆ ತಾಗಿದರೆ ಸುಡುತ್ತದೆ. ಬಳಿಯುವವರಿಗೆ ಕೈಗವಸು ಕೊಡಿ.

ಗೋಡೆಯ ಬಣ್ಣ ಒಳಗಡೆ ಗುಳ್ಳೆ ಎದ್ದು ಉದುರುತ್ತದೆ, ಎಷ್ಟು ಸಲ ಬಳಿದರೂ ಅದೇ ಕಥೆ ಎಂದಿದ್ದೀರಿ. ಬಣ್ಣದ ಅಂಗಡಿಯವರು ಇನ್ನೂ ದುಬಾರಿ ಬಣ್ಣ ತೋರಿಸುತ್ತಾರೆ. ಬೇಡ. ಚಿರೇಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಟ್ಟರೆ ಗಟ್ಟಿಯಾಗುತ್ತದೆ. 1800-01ರಲ್ಲಿ ಮೈಸೂರು, ಮಲಬಾರು, ನಮ್ಮ ಕೆನರಾ ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈ ಗುಣವನ್ನು ಬೆರಗಿನಿಂದ ಬರೆದಿಟ್ಟಿದ್ದಾನೆ. ಆದರೆ ಎಷ್ಟು ಗಟ್ಟಿಯಾದರೂ ಆ ಕಲ್ಲಿನ ತುಂಬ ತೂತು. ಸ್ಪಂಜಿನ ಹಾಗೆ ನೀರು ಎಳೆದುಕೊಳ್ಳುತ್ತದೆ. ಹಿಂದಿನವರು ಸುಣ್ಣದ ಗಾರೆ ಮಾಡಿದ್ದರಿಂದ ಮಳೆಗಾಲದಲ್ಲಿ ಕುಡಿದ ನೀರು ಬೇಸಿಗೆಯಲ್ಲಿ ಆರಿ ಹೋಗುತ್ತಿತ್ತು. ಈಗ ಹೊರಗಿನಿಂದ ಸಿಮೆಂಟು ಮೆತ್ತುತ್ತೇವೆ. ಸಿಮೆಂಟು ಬಿರುಕು ಬಿಟ್ಟ ಕಡೆ ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ಜಾಗ ಇಲ್ಲ. ಮನೆಯೊಳಗಿನ ಬಣ್ಣವನ್ನು ದೂಡಿಕೊಂಡು ಬರುತ್ತದೆ. ಮೊದಲು ಹೊರಗೆ ಹೋಗಿ ನೋಡಿ. ವರ್ಷ ವರ್ಷ ಮಣ್ಣು, ತರಗೆಲೆ ಬಿದ್ದು ಬಿದ್ದು ಅಂಗಳ ಮನೆಯ ಪಂಚಾಂಗದ (ಅಡಿಪಾಯದ) ಮಟ್ಟಕ್ಕೆ ಏರಿದೆಯಾ? ಏರಿದ್ದರೆ ಆ ಮಣ್ಣು ತೆಗೆಸಿ, ಮಾಡಿನ ನೀರು ಬೀಳುವ ಸಾಲಿನಲ್ಲಿ ಕಾಲುವೆ ಮಾಡಿಸಿ. ಎರಚಲು ಹೊಡೆಯುವ ಪಶ್ಚಿಮದ ಗೋಡೆಗೆ ಮೊದಲೆಲ್ಲ ಸೋಗೆ ತಟ್ಟಿ ಕಟ್ಟುತ್ತಿದ್ದರು. ನಮ್ಮ ಶಿರಸಿ ಕಡೆ ಇನ್ನೂ ಕೆಲವು ಮನೆಗಳಲ್ಲಿ ಕಟ್ಟುತ್ತಾರೆ. ಸೋಗೆ ಸಿಗದಿದ್ದರೆ ಶೇಡ್‌ನೆಟ್ ಕಟ್ಟಿದರೂ ನಡೆಯುತ್ತದೆ. ಉದುರುವ ಬಣ್ಣವನ್ನು ಪೂರ್ತಿ ಕೆರೆಸಿ, ಒಂದು ಬೇಸಿಗೆ ಗೋಡೆಯನ್ನು ಹಾಗೇ ಬರಿಮೈಯಲ್ಲಿ ಒಣಗಲು ಬಿಡಿ. ನೆಂಟರಿಷ್ಟರು ಏನಾದರೂ ಅನ್ನಲಿ. ಆಮೇಲೆ ಸುಣ್ಣ ಬಳಿಸಿ.

ಮುಚ್ಚಿಟ್ಟ ಎರಡು ಕೋಣೆಗಳ ಬಾಗಿಲನ್ನು ದಿನಾ ಬೆಳಿಗ್ಗೆ ತೆರೆಯಿರಿ. ಮುಚ್ಚಿದ ಕೋಣೆಯೇ ಎಲ್ಲಕ್ಕಿಂತ ಮೊದಲು ಹಾಳಾಗುವುದು.

ಅಂಗಳದ ಇಂಟರ್‌ಲಾಕ್ ವಿಚಾರಕ್ಕೆ ಒಂದು ಲೆಕ್ಕ ಮಾಡೋಣ. ನೀವು ಮಕ್ಕಳಿಗೆ ಗಣಿತ ಕಲಿಸಿದವರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 3 ಲಕ್ಷ ಲೀಟರ್! ಅಷ್ಟೂ ನಿಮ್ಮ ಗೋಡೆಯ ಬುಡಕ್ಕೇ ಬೀಳುವುದು. ಮಣ್ಣಿನ ಅಂಗಳ ಅದರಲ್ಲಿ ಒಂದಷ್ಟನ್ನು ಕುಡಿಯುತ್ತದೆ. ಇಂಟರ್‌ಲಾಕ್ ಹಾಕಿದರೆ ಆ ನೀರು ಎಲ್ಲಿಗೆ ಹೋಗಬೇಕು? ಏಪ್ರಿಲ್‌ನಲ್ಲಿ ಬಾವಿ ನೀರು ಸ್ವಲ್ಪ ಸವಳಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಸಿಹಿ ನೀರು ಭೂಮಿಗೆ ಇಳಿಯುವುದು ಕಡಿಮೆಯಾದಷ್ಟೂ ಉಪ್ಪು ನೀರು ಒಳಗೆ ಬರುತ್ತದೆ. ಇರುವ ಅಂಗಳವನ್ನೂ ಮುಚ್ಚಿದರೆ ಬಾವಿಗೆ ಇನ್ನೂ ಕಷ್ಟ. ಹಾವಸೆ ಕಟ್ಟುವುದು ಇಂಟರ್‌ಲಾಕಿಗೂ ತಪ್ಪುವುದಿಲ್ಲ. ನೀವು ಜಾರಿ ಬೀಳಬಾರದು, ಅದು ಮುಖ್ಯ. ಬಾಗಿಲಿನಿಂದ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಬಚ್ಚಲಿಗೆ ಓಡಾಡುವ ದಾರಿಗೆ ಮಾತ್ರ ಒರಟಾದ ಕಲ್ಲು ಹಾಸಿಸಿ. ಮಳೆಗಾಲದಲ್ಲಿ ಅದರ ಮೇಲೆ ಅಡಿಕೆ ದಬ್ಬೆ ಹಾಸಿ. ಉಳಿದದ್ದು ಮಣ್ಣಾಗಿಯೇ ಇರಲಿ.

ಮಾವಿನ ಮರ ಕಡಿಸುವ ಮಾತು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆ ಸಿಕ್ಕಿದೆ. ನಿಮ್ಮದು ಹಣ್ಣು ಕೊಡುವ ಹಳೇ ಮರ. ತರಗೆಲೆ ಮಾಡಿನ ಮೇಲೆ ಬಿದ್ದು, ಹಂಚಿನ ಸಂದಿಯಲ್ಲಿ ಕೊಳೆತು, ನೀರು ಹಿಂದಕ್ಕೆ ನುಗ್ಗುವುದು ನಿಜ. ಅದಕ್ಕೆ ಮಾಡಿನ ಮೇಲೆ ಚಾಚಿದ ಕೊಂಬೆಯನ್ನಷ್ಟೇ ತೆಗೆಸಿ. ಕಾಯಿ ಕೊಯ್ಲು ಮುಗಿದ ಕೂಡಲೇ, ಮಳೆ ಹಿಡಿಯುವ ಮೊದಲು. ಕಡಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಿಸಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅರ್ಧರ್ಧ ಲೀಟರ್ ನೀರಿಗೆ ಕರಗಿಸಿ ಆಮೇಲೆ ಕೂಡಿಸಬೇಕು. ಕಬ್ಬಿಣದ ಪಾತ್ರೆ ಮಾತ್ರ ಬೇಡ. ಅಡಿಕೆಯ ಕೊಳೆರೋಗಕ್ಕೆ ನಮ್ಮ ತೋಟಗಳಲ್ಲಿ ಹೊಡೆಯುವ ಔಷಧವೇ ಇದು, ದಪ್ಪಗೆ ಮಾಡಿದ್ದು ಅಷ್ಟೇ.

ಮಂಗನಿಗೆ ನನ್ನ ಹತ್ತಿರ ಮದ್ದಿಲ್ಲ. ಯಾರ ಹತ್ತಿರವೂ ಇಲ್ಲ. ಪಟಾಕಿಗೆ ಒಂದು ವಾರ ಹೆದರುತ್ತವೆ, ಆಮೇಲೆ ಅಭ್ಯಾಸವಾಗುತ್ತದೆ. ಮನೆಗೆ ದೂರದ ಕಡೆ ಅರಿಶಿನ, ಶುಂಠಿ, ಸುವರ್ಣಗಡ್ಡೆ, ಕೆಸು ಹಾಕಿ. ಅವಕ್ಕೆ ಮಂಗ ಅಷ್ಟಾಗಿ ಕೈ ಹಾಕುವುದಿಲ್ಲ. ಮೊಗೆಕಾಯಿ, ಸೌತೆ, ಹೀರೆ ಬೇಕೇ ಬೇಕು ಎಂದರೆ ಅಡುಗೆಮನೆಯ ಕಿಟಕಿಗೆ ಕಾಣುವ ಹಾಗೆ ಚಪ್ಪರ ಹಾಕಿಸಿ. ಒಂದು ಎಚ್ಚರಿಕೆ: ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹೊನ್ನಾವರ, ಸಿದ್ದಾಪುರದ ಕಡೆ ಮಂಗನ ಕಾಯಿಲೆ ಕಂಡ ಜಿಲ್ಲೆ ನಮ್ಮದು. ಅದು ಉಣ್ಣಿಯಿಂದ ಹರಡುತ್ತದೆ.

ಬಸವನಹುಳಕ್ಕೆ ಉಪ್ಪು ಚೆಲ್ಲುತ್ತೇನೆ ಎಂದಿದ್ದೀರಿ. ಮಣ್ಣಿಗೆ ಉಪ್ಪು ಬೇಡ, ಗಿಡವೂ ಹೋಗುತ್ತದೆ. ಸಂಜೆ ಪಪ್ಪಾಯಿ ಎಲೆಯನ್ನೋ ಕೋಸಿನ ಎಲೆಯನ್ನೋ ಒದ್ದೆ ಗೋಣಿಯ ಕೆಳಗೆ ಇಟ್ಟರೆ ಅಲ್ಲಿ ಬಂದು ಗುಂಪು ಸೇರುತ್ತವೆ. ಬೆಳಿಗ್ಗೆ ಕೋಲಿನಲ್ಲಿ ಆರಿಸಿ ಉಪ್ಪು ನೀರಿನ ಬಕೆಟ್ಟಿಗೆ ಹಾಕಿ. ಬರಿಗೈಯಲ್ಲಿ ಮುಟ್ಟಬೇಡಿ.

ಸುಖ ಎಲ್ಲಿದೆ ಎಂದು ಕೇಳಿದಿರಿ. ನಿಮ್ಮ ಪತ್ರವನ್ನೇ ಇನ್ನೊಮ್ಮೆ ಓದಿದೆ. ಹಂಚಿನ ಕಷ್ಟ, ಗೋಡೆಯ ಕಷ್ಟವನ್ನೆಲ್ಲ ಚುಟುಕಾಗಿ ಬರೆದು ಮುಗಿಸಿದ್ದೀರಿ. ಆದರೆ ಪಕ್ಕದ ಮನೆಯ ಹುಡುಗಿಗೆ ಅಬ್ಬಲಿಗೆ ಬೀಜ ತೋರಿಸಿದ್ದನ್ನು ಬರೆಯುವಾಗ ಪುಟವೇ ತುಂಬಿದೆ. ಒಣಗಿದ ತೆನೆ ಕಿತ್ತು ಅವಳ ಅಂಗೈಯಲ್ಲಿಟ್ಟು ಎರಡು ಹನಿ ನೀರು ಬಿಟ್ಟಿರಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಟಪ್ ಎಂದು ಸಿಡಿದು ಬೀಜ ಅವಳ ಕೆನ್ನೆಗೆ ಹೊಡೆಯಿತು. ಅವಳು ಕಿರುಚಿ, ನಕ್ಕು, ಇನ್ನೊಂದು ಇನ್ನೊಂದು ಎಂದು ತೆನೆಗಳನ್ನೆಲ್ಲ ಖಾಲಿ ಮಾಡಿದಳು. ಈಗ ನಿಮ್ಮ ಅಂಗಳದ ತುಂಬ, ಮೆಟ್ಟಿಲಿನ ಸಂದಿಯಲ್ಲೂ ಅಬ್ಬಲಿಗೆ ಸಸಿ. ಇದು ಅಂಗಳ ಮಣ್ಣಿನದಾಗಿದ್ದಕ್ಕೇ ಆಗಿದ್ದು ಅಲ್ವಾ? ಒಂದೆಲಗ ಕಿತ್ತು ತಂಬುಳಿ ಮಾಡಿಕೊಂಡಿದ್ದು, ಬಸಳೆ ಚಪ್ಪರ ತುಂಬಿ ಅಕ್ಕಪಕ್ಕಕ್ಕೆ ಹಂಚಿದ್ದು, ಎಲ್ಲವನ್ನೂ ನೀವೇ ಬರೆದಿದ್ದೀರಿ. ಇದರಲ್ಲಿ ಸುಖ ಇದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನಿಮ್ಮ ಕೈಗೆ ಜನ ಬೇಕು, ಅಷ್ಟೇ.

ಅದಕ್ಕೊಂದು ದಾರಿ ಇದೆ. "ನಾಳೆ ಬತ್ತೆ" ಎಂದು ಹೋದವರು ಬಾರದಿರಲು ಕಾರಣ, ಒಂದು ಮನೆಯ ಅರ್ಧ ದಿನದ ಕೆಲಸಕ್ಕೆ ಅವರಿಗೆ ಅಷ್ಟು ದೂರ ಬರುವುದು ಗಿಟ್ಟುವುದಿಲ್ಲ. ಮೊದಲಿನ ಹಾಗೆ ಮುಯ್ಯಾಳು ಲೆಕ್ಕದಲ್ಲಿ ಒಬ್ಬರ ಮಾಡಿಗೆ ಇನ್ನೊಬ್ಬರು ಹತ್ತುವ ಕಾಲ ಹೋಯಿತು. ಆದರೆ ನಿಮ್ಮ ಕೇರಿಯಲ್ಲಿ ಹಂಚಿನ ಮನೆ ಇನ್ನೂ ನಾಲ್ಕೈದು ಇವೆ ಎಂದಿದ್ದೀರಿ. ಎಲ್ಲರೂ ಸೇರಿ ಒಂದೇ ತಂಡಕ್ಕೆ ಏಪ್ರಿಲ್ ಕೊನೆಯ ವಾರ ಪೂರ್ತಿ ಗೊತ್ತುಮಾಡಿ, ಈಗಲೇ ಮುಂಗಡ ಕೊಡಿ. ಊಟ ಒಂದೊಂದು ದಿನ ಒಂದೊಂದು ಮನೆಯಲ್ಲಾಗಲಿ. ಕೃತ್ತಿಕೆ ಮಳೆ ಹನಿಯುವ ಮೊದಲು, ಹಂಚು ಒಣಗಿರುವಾಗಲೇ ಕೆಲಸ ಮುಗಿಯಬೇಕು. ಹಾವಸೆ ಒದ್ದೆಯಾದ ಮೇಲೆ ಮಾಡು ಹತ್ತುವುದು ಅವರ ಜೀವಕ್ಕೇ ಅಪಾಯ.

ಮಗ ಯುಗಾದಿಗೆ ಬರುತ್ತಾನಲ್ಲ, ಆಗ ಅವನನ್ನೂ ಅಟ್ಟಕ್ಕೆ ಕರೆದುಕೊಂಡು ಹೋಗಿ. ಸ್ಲ್ಯಾಬಿಗೆ ಎಸ್ಟಿಮೇಟ್ ತರಿಸಲು ಹೇಳಿ, ಅದರಲ್ಲಿ ಮೇಲಿನ ಶೀಟಿನ ಖರ್ಚನ್ನೂ ಸೇರಿಸಲು ಹೇಳಿ. ಪಕ್ಕದಲ್ಲಿ ಹಂಚು, ಗೇರು ಎಣ್ಣೆ, ಕಾಲುವೆ, ಕೂಲಿಯ ಲೆಕ್ಕ ಬರೆದಿಡಿ. ಕೂತು ಮಾತಾಡಿ. ಮನೆ ನಿಮ್ಮದು, ತೀರ್ಮಾನವೂ ನಿಮ್ಮದೇ.

ಅಂಕೋಲಾ, ಕುಮಟಾ ಕಡೆ ಹಂಚಿನ ಕೆಲಸ ಚೆನ್ನಾಗಿ ಬಲ್ಲವರು ಯಾರಾದರೂ ಇದ್ದರೆ ಓದುಗರು ಕಚೇರಿಗೆ ಬರೆದು ತಿಳಿಸಿ. ಅಕ್ಕೋರಿಗೆ ತಲುಪಿಸುತ್ತೇನೆ.

ಸಂಪಾದಕ